ಮೂರು ಸಲ ಕೇಳುವ ಕ್ಯಾಮೆರಾ

ಮಂಡ್ಯದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದೆ.
ಬನಿಯನ್ನಿನ ಒಳಜೇಬಲ್ಲಿ ಚೀಟಿ ಎತ್ತಿದ ದುಡ್ಡು.
ಎಲಿಯೂರು ದಾಟುವುದರೊಳಗೆ
ಮೂರು ಸಲ ಮುಟ್ಟಿ ನೋಡಿಕೊಂಡೆ.

ಮೈಸೂರಿನ ಅರಸು ರಸ್ತೆ. ಗಾಜಿನ ಕೆಳಗೆ
ಬೆಳ್ಳಿ ಬಣ್ಣದ ಪುಟಾಣಿ ಕ್ಯಾಮೆರಾಗಳು
ನಶ್ಯದ ಡಬ್ಬಿಗಳ ಹಾಗೆ ಮಲಗಿದ್ದವು.
ತನ್ವೀರ್ ಎಂಬ ಹುಡುಗ, ಮೀಸೆ ಇನ್ನೂ ಯೋಚನೆಯಲ್ಲಿದೆ,
ಒಂದೊಂದೇ ತೆಗೆದು ಮಖಮಲ್ಲಿನ ಮೇಲಿಟ್ಟ:
ಇದು ನಾಲ್ಕು ಮೆಗಾಪಿಕ್ಸೆಲ್, ಇದು ಐದು,
ಮದುವೆಗೆ ಇದೇ ಸರಿ ಸರ್.

ನನಗೆ ಯಾರೂ ಮದುವೆ ಒಪ್ಪಿಸುವುದಿಲ್ಲ ಮಗನೇ.
ಹೇಳಲಿಲ್ಲ.
ಇಪ್ಪತ್ತೆರಡು ವರ್ಷದಿಂದ ನಾನು
ಠಾಣೆಯವರು ಕರೆದಾಗ ಹೋಗುವ ಫೋಟೋದವನು.
ನಾಲೆಯ ತೂಬಿಗೆ ಸಿಕ್ಕಿಕೊಂಡವರು,
ಹಳಿಯ ಪಕ್ಕದವರು, ಲಾರಿಯ ಅಡಿಯವರು.
ಮುಖಕ್ಕೊಂದು, ಎಡಕ್ಕೊಂದು, ಬಲಕ್ಕೊಂದು,
ಮುಂಗೈಯ ಹಚ್ಚೆ ಇದ್ದರೆ ಗುರುತಿಗೆ ಅದಕ್ಕೊಂದು.
ದಫೇದಾರ್ ನಿಂಗರಾಜು ಮೂಗಿಗೆ ಕರ್ಚೀಫು ಹಿಡಿದು
ಹಿಂದಿನಿಂದ ಕೂಗುತ್ತಾನೆ:
‘ಬಿರ್ರನೆ ಹೊಡ್ಕಳಣ್ಣ, ಬಿಸ್ಲು ಏರ್ತಾ ಅದೆ.’

ಮೂವತ್ತಾರರ ರೀಲಿನಲ್ಲಿ ಎಂಟು ಅವರಿಗೆ.
ಮಿಕ್ಕದ್ದು ಬದುಕಿದವರಿಗೆ.
ಎಸೆಸೆಲ್ಸಿ ಹುಡುಗಿಯರು, ರೇಷನ್ ಕಾರ್ಡಿನ ಸಂಸಾರ,
ಹೊಸ ಓಲೆ ತೊಟ್ಟು ಬಂದು
‘ಕಿವಿ ಕಾಣ್ಬೇಕು’ ಎಂದ ಹೂವಿನ ಗಂಗಾಮಣಿ.
ಕೆಂಪು ದೀಪದಡಿ ಒಂದೇ ತಟ್ಟೆಯ ಔಷಧಿ ನೀರಿನಿಂದ
ಎಲ್ಲರೂ ಒಟ್ಟಿಗೇ ಮೇಲೆದ್ದು ಬಂದಿದ್ದಾರೆ.
ಈಗ ಆ ಕಾಗದವೇ ಬರುತ್ತಿಲ್ಲ.
ಅದಕ್ಕೇ ಇಲ್ಲಿ ನಿಂತಿದ್ದೇನೆ.

‘ಹಿಡಿಸಲಿಲ್ಲ ಅಂದ್ರೆ ಇಲ್ಲಿ ಒತ್ತಿ ಸರ್.’
ತನ್ವೀರ್ ನನ್ನ ಕೈಯನ್ನೇ ತೆಗೆದ, ತೋರಿಸಿದ,
ಕಸದ ಬುಟ್ಟಿಯ ಗುರುತಿದ್ದ ಗುಂಡಿ ಒತ್ತಿದ.
ಇತ್ತು.
ಇಲ್ಲ.
‘ರೀಲಿನ ಖರ್ಚೇ ಇಲ್ಲ ನೋಡಿ!’

ನನ್ನ ಕಪಾಟಿನ ತುಂಬ ಬಿಸ್ಕತ್ತಿನ ಡಬ್ಬಿ,
ಡಬ್ಬಿಯ ತುಂಬ ನೆಗೆಟಿವ್.
ಕಟಕಟೆಯಲ್ಲಿ ನಿಲ್ಲಿಸಿ ವಕೀಲರು ಕೇಳಿದಾಗ
ಬೆಳಕಿಗೆ ಎತ್ತಿ ಹಿಡಿದಿದ್ದೇನೆ, ಸುಳ್ಳಲ್ಲ ಸ್ವಾಮಿ ಎಂದಿದ್ದೇನೆ.
ಯಾರೂ ಕೇಳಿಕೊಂಡು ಬಾರದವೂ ಇವೆ,
‘ವಾರಸುದಾರರಿಲ್ಲ’ ಎಂದು ನಿಂಗರಾಜು
ಸೊಟ್ಟ ಅಕ್ಷರದಲ್ಲಿ ಬರೆದು ಮುಗಿಸಿದವರು.
ಸುಟ್ಟಾಕಿ ಅತ್ಲಾಗೆ, ಎನ್ನುತ್ತಾಳೆ ಮನೆಯವಳು.
ಪಕ್ಷದ ದಿನ ಎಡೆ ಇಡುವಾಗ ಮಾತ್ರ
ಎಣಿಕೆಗಿಂತ ಒಂದೆಲೆ ಹೆಚ್ಚಿಗೆ ಹಾಕುತ್ತಾಳೆ.
ಯಾರಿಗೆಂದು ನಾನು ಕೇಳಿಲ್ಲ.

‘ಅಳಿಸೋಕೆ ಕಷ್ಟ ಇರೋದು ಯಾವುದಪ್ಪ?’ ಎಂದೆ.
ನಗುತ್ತಾನೆ ಅಂದುಕೊಂಡಿದ್ದೆ.
ಹುಡುಗ ತಲೆ ಕೆರೆದುಕೊಂಡ, ಏಣಿ ಹತ್ತಿದ,
ಮೇಲಿನ ಅಟ್ಟಣಿಗೆಯಿಂದ ಧೂಳಿನ ಪೆಟ್ಟಿಗೆಯೊಂದನ್ನು ಇಳಿಸಿದ.
‘ಹಳೇ ಮಾಡೆಲ್ ಸರ್, ಮೂರೇ ಮೆಗಾಪಿಕ್ಸೆಲ್,
ಇಟ್ಟಿಗೆ ಥರ ಭಾರ, ಯಾರೂ ತಗೊಳಲ್ಲ.
ಒಂದು ಫೋಟೋ ಅಳಿಸ್ಬೇಕು ಅಂದ್ರೆ
ಮೂರು ಸಲ ಕೇಳುತ್ತೆ.’

ಮೂರು ಸಲ ಕೇಳುವವರು
ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ?
ಚೌಕಾಸಿ ಮಾಡದೆ ಎಣಿಸಿ ಕೊಟ್ಟೆ.

ಮರಳುವಾಗ ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಹೊಳೆಯತ್ತ ಹಿಡಿದು ಒತ್ತಿದೆ.
ಕಿಟಕಿಯ ಸರಳು ಬಂತು. ಹೊಳೆ ಬರಲಿಲ್ಲ.
ಎದುರು ಸೀಟಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಾಕೆ
ಬಗ್ಗಿ ನೋಡಿದಳು: ‘ನೀರು ಬಂತಾ?’
‘ಇಲ್ಲ ಕಣಮ್ಮ, ಬರೀ ಸರಳು.’
‘ಇರ್ಲಿ ಬುಡಿ, ಅದೂವೆ ಇದ್ದದ್ದೇ ಅಲ್ವ.’

ಅಳಿಸಲಿಲ್ಲ.
ಪರದೆಯ ಮೂಲೆಯಲ್ಲಿ ಸಣ್ಣ ಅಂಕಿ:
ಇನ್ನು ನೂರಾ ನಲವತ್ತೇಳು ಬಾಕಿ.
ಪಾಂಡವಪುರ ಬಂತು, ಹೋಯಿತು.
ಆ ನೂರಾ ನಲವತ್ತೇಳು ಮಂದಿ
ಈಗ ಎಲ್ಲೆಲ್ಲಿ, ಏನೇನು ಮಾಡುತ್ತಿದ್ದಾರೋ,
ಯಾರು ನೀರಿಗಿಳಿಯುತ್ತಿದ್ದಾರೋ,
ಯಾರು ಕನ್ನಡಿಯ ಮುಂದೆ ನಿಂತು
ಓಲೆಯ ತಿರುಪು ಬಿಗಿ ಮಾಡುತ್ತಿದ್ದಾರೋ.